ಜರ್ನಲ್‌ಗೆ ಪೇಪರ್ ಕಳಿಸುವ ಮುನ್ನ: ರೆಫರೆನ್ಸ್ ಪಟ್ಟಿ ಸರಿ ಮಾಡುವ ಬಗೆ

ನನ್ನ ಮೊದಲ ಪೇಪರ್‌ನ ರೆಫರೆನ್ಸ್‌ಗಳನ್ನು ನಾನು ಕೈಯಿಂದಲೇ ಟೈಪ್ ಮಾಡಿದ್ದೆ. ಒಟ್ಟು 38 ಇದ್ದವು. ಸಂಖ್ಯೆ ಹಾಕುವ ಪದ್ಧತಿಯ ಜರ್ನಲ್ ಅದು. ಎಲ್ಲ ಮುಗಿಯಿತು ಅನ್ನುವಾಗ ನನ್ನ ಗೈಡ್ ಪೀಠಿಕೆಯಲ್ಲಿ ಒಂದು ಪ್ಯಾರಾ ಸೇರಿಸಿದರು. ಅದರಲ್ಲಿ ಎರಡು ಹೊಸ ರೆಫರೆನ್ಸ್. ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಎರಡೆರಡು ಜಾಸ್ತಿ ಆಗಬೇಕಿತ್ತು. ರಾತ್ರಿ ಕೂತು ಒಂದೊಂದನ್ನೇ ತಿದ್ದಿದೆ. ಕೋಷ್ಟಕದೊಳಗಿದ್ದ ಸಂಖ್ಯೆಗಳು ಮಾತ್ರ ಕಣ್ಣಿಗೆ ಬೀಳಲಿಲ್ಲ. ಮೂರು ತಿಂಗಳ ಮೇಲೆ, ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ವಿಮರ್ಶಕರ ಪತ್ರ ಬಂತು. 17ನೇ ರೆಫರೆನ್ಸ್ ತೆರೆದು ನೋಡಿದೆ, ನೀವು ಕೊಟ್ಟಿರುವ ಅಂಕಿ ಅದರಲ್ಲಿ ಎಲ್ಲೂ ಇಲ್ಲ ಎಂದು ಬರೆದಿದ್ದರು.

ಆ ವಿಮರ್ಶಕರು ಯಾರೋ ಇವತ್ತಿಗೂ ಗೊತ್ತಿಲ್ಲ. ಆದರೆ ಅವರು ಸುಮ್ನೆ ಪಟ್ಟಿಯ ಮೇಲೆ ಕಣ್ಣಾಡಿಸಿ ಬಿಡಲಿಲ್ಲ, 17ನೆಯದನ್ನು ಹುಡುಕಿ ತೆರೆದು ಓದಿದ್ದರು. ರೆಫರೆನ್ಸ್ ಇರುವುದೇ ಇದಕ್ಕೆ ಅಲ್ವಾ? ಅದು ಒಂದು ವಿಳಾಸ. ನಿಮ್ಮ ಮಾತು ಎಲ್ಲಿಂದ ಬಂತು ಎಂದು ಕೇಳಿದವರನ್ನು ಅದು ಆ ಮನೆಯ ಬಾಗಿಲಿಗೆ ಕರೆದುಕೊಂಡು ಹೋಗಬೇಕು. ಅಲ್ಪವಿರಾಮ ಎಲ್ಲಿ, ಓರೆ ಅಕ್ಷರ ಎಲ್ಲಿ ಅನ್ನುವುದೆಲ್ಲ ಆ ವಿಳಾಸವನ್ನು ಬೇಗ ಓದಲು ಮಾಡಿಕೊಂಡ ಏರ್ಪಾಡು.

ಈಗ ನನ್ನ ವಿದ್ಯಾರ್ಥಿಗಳ ಜೊತೆ ಕೂತು ಇದೇ ಕೆಲಸ ಮಾಡುತ್ತೇನೆ. ನಾವು ಯಾವ ಕ್ರಮದಲ್ಲಿ ಮಾಡುತ್ತೇವೋ ಅದನ್ನೇ ಇಲ್ಲಿ ಹೇಳುತ್ತಿದ್ದೇನೆ. ಜರ್ನಲ್‌ಗಳಲ್ಲಿ ಎಲ್ಲವೂ ಇಂಗ್ಲಿಷ್ ಲಿಪಿಯಲ್ಲಿ ಇರುತ್ತದೆ. ಇಲ್ಲಿ ಉದಾಹರಣೆಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಚುಕ್ಕಿ, ಆವರಣ, ಕ್ರಮ ಇವುಗಳನ್ನು ಗಮನಿಸಿ.

ಮೊದಲು ಎರಡು ಕಿಟಕಿ ತೆರೆಯಿರಿ

ಒಂದರಲ್ಲಿ ಜರ್ನಲ್ ತನ್ನ ಲೇಖಕರಿಗೆ ಕೊಟ್ಟಿರುವ ಸೂಚನೆ ಇರಲಿ. ಇನ್ನೊಂದರಲ್ಲಿ ಅದೇ ಜರ್ನಲ್‌ನಲ್ಲಿ ಇತ್ತೀಚೆಗೆ ಬಂದ ಒಂದು ಪೇಪರ್ ಇರಲಿ. ಸೂಚನೆಯಲ್ಲಿ ಎರಡೇ ಎರಡು ಮಾದರಿ ಕೊಟ್ಟಿರುತ್ತಾರೆ. ನಿಮಗೆ ಬೇಕಾದ ಸಮ್ಮೇಳನದ ಲೇಖನವೋ ಪಿಎಚ್‌ಡಿ ಪ್ರಬಂಧವೋ ಅದರಲ್ಲಿ ಇರುವುದೇ ಇಲ್ಲ. ಅಚ್ಚಾದ ಪೇಪರ್‌ನಲ್ಲಿ ಅದು ಸಿಗುತ್ತದೆ. ಸೂಚನೆಗೂ ಅಚ್ಚಿಗೂ ಹೊಂದದಿದ್ದರೆ ಸೂಚನೆಯನ್ನೇ ಹಿಡಿಯಿರಿ.

ಒಂದು ಹಾಳೆಯ ಮೇಲೆ ಇಷ್ಟನ್ನು ಬರೆದುಕೊಳ್ಳಿ. ಪಠ್ಯದೊಳಗೆ ಸಂಖ್ಯೆಯೋ, ಹೆಸರು ಮತ್ತು ಇಸವಿಯೋ? ಎಷ್ಟು ಲೇಖಕರವರೆಗೆ ಹೆಸರು ಕೊಡಬೇಕು, ಎಟ್ ಆಲ್ (ಮತ್ತು ಇತರರು) ಯಾವಾಗ? ಜರ್ನಲ್ ಹೆಸರು ಪೂರ್ತಿಯೋ, ಮೊಟಕಾಗಿಯೋ? ಸಂಪುಟದ ಜೊತೆ ಸಂಚಿಕೆಯ ಸಂಖ್ಯೆ ಬೇಕೋ? ಪುಟ 501–502 ಎಂದೋ, 501-2 ಎಂದೋ? ಡಿಒಐ, ಅಂದರೆ ಪ್ರತಿ ಪೇಪರ್‌ಗೂ ಆನ್‌ಲೈನ್‌ನಲ್ಲಿ ಇರುವ ಶಾಶ್ವತ ಗುರುತಿನ ಸಂಖ್ಯೆ, ಕಡ್ಡಾಯವೋ? ಹತ್ತು ನಿಮಿಷದ ಕೆಲಸ. ಮುಂದೆ ಯಾವುದೇ ಗೊಂದಲ ಬಂದರೂ ಈ ಹಾಳೆಯೇ ನೋಡಿಕೊಳ್ಳುತ್ತದೆ.

ಇನ್ನೊಂದು ವಿಷಯ. ಮೊದಲ ಸಲ ಕಳಿಸುವಾಗ ಯಾವ ಶೈಲಿ ಇದ್ದರೂ ಸರಿ, ಪಟ್ಟಿಯುದ್ದಕ್ಕೂ ಒಂದೇ ಥರ ಇರಲಿ ಎನ್ನುವ ಜರ್ನಲ್‌ಗಳು ಈಗ ಬಹಳ ಇವೆ. ಅಂಥ ಕಡೆ ಚುಕ್ಕಿಗಳ ಹಿಂದೆ ಬಿದ್ದು ಒಂದು ವಾರ ಕಳೆಯಬೇಡಿ. ಪೇಪರ್ ಸ್ವೀಕೃತವಾದ ಮೇಲೆ ಜರ್ನಲ್‌ನ ಶೈಲಿಗೆ ತಂದರಾಯಿತು.

ಸಂಖ್ಯೆಯ ದಾರಿ, ಹೆಸರಿನ ದಾರಿ

ನೂರಾರು ಶೈಲಿಗಳಿವೆ ಎಂದು ಹೆದರಬೇಡಿ. ಮೂಲದಲ್ಲಿ ಎರಡೇ ದಾರಿ.

ಒಂದು, ಲೇಖಕರ ಹೆಸರು ಮತ್ತು ಇಸವಿಯನ್ನು ವಾಕ್ಯದಲ್ಲೇ ಆವರಣದೊಳಗೆ ಕೊಡುವುದು. ಹಾರ್ವರ್ಡ್‌ನಲ್ಲಿದ್ದ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಎಂಬ ಪ್ರಾಣಿಶಾಸ್ತ್ರಜ್ಞರು 1881ರ ತಮ್ಮ ಪೇಪರ್‌ನಲ್ಲಿ ಹೀಗೆ ಮಾಡಿದ್ದರು. ಹಾರ್ವರ್ಡ್ ಪದ್ಧತಿ ಎಂಬ ಹೆಸರು ಬಂದದ್ದು ಅಲ್ಲಿಂದ. ಮನಶ್ಶಾಸ್ತ್ರ, ಸಮಾಜವಿಜ್ಞಾನದವರು ಬಳಸುವ ಎಪಿಎ ಶೈಲಿಯೂ ಇದೇ ಜಾತಿಯದು. ಪರಿಸರ, ಜೀವವಿಜ್ಞಾನದ ಎಷ್ಟೋ ಜರ್ನಲ್‌ಗಳು ಕೂಡ ಇದನ್ನೇ ಕೇಳುತ್ತವೆ.

ಇನ್ನೊಂದು, ಸಂಖ್ಯೆ ಹಾಕುವುದು. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ವೈದ್ಯಕೀಯ ಜರ್ನಲ್‌ಗಳ ಕೆಲವು ಸಂಪಾದಕರು ಸೇರಿದರು. ಒಂದೊಂದು ಜರ್ನಲ್ ಒಂದೊಂದು ಥರ ಕೇಳಿದರೆ ಲೇಖಕರು ಏನು ಮಾಡಬೇಕು ಎಂಬುದೇ ಅವರ ಮುಂದಿದ್ದ ಪ್ರಶ್ನೆ. ಅಲ್ಲಿ ಹುಟ್ಟಿದ್ದು ವ್ಯಾಂಕೂವರ್ ಶೈಲಿ. ಎಂಜಿನಿಯರಿಂಗ್‌ನವರ ಐಇಇಇ ಶೈಲಿಯೂ ಸಂಖ್ಯೆಯದೇ, ಚೌಕ ಆವರಣದೊಳಗೆ.

ಒಂದು ನಿಜವಾದ ಪೇಪರ್ ಹಿಡಿದು ನೋಡೋಣ. ರಾಮನ್ ಪರಿಣಾಮದ ಬಗ್ಗೆ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಅವರು ನೇಚರ್ ಪತ್ರಿಕೆಗೆ ಬರೆದ ಪುಟ್ಟ ಪತ್ರ. 1928ರ ಮಾರ್ಚ್ 31ರ ಸಂಚಿಕೆಯಲ್ಲಿ ಬಂತು.

ವ್ಯಾಂಕೂವರ್‌ನಲ್ಲಿ:
1. ರಾಮನ್ ಸಿವಿ, ಕೃಷ್ಣನ್ ಕೆಎಸ್. ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್. ನೇಚರ್. 1928;121:501-2.

ಎಪಿಎಯಲ್ಲಿ:
ರಾಮನ್, ಸಿ. ವಿ., & ಕೃಷ್ಣನ್, ಕೆ. ಎಸ್. (1928). ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್. *ನೇಚರ್*, *121*(3048), 501–502.

ಐಇಇಇಯಲ್ಲಿ:
[1] ಸಿ. ವಿ. ರಾಮನ್ ಆ್ಯಂಡ್ ಕೆ. ಎಸ್. ಕೃಷ್ಣನ್, “ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್,” *ನೇಚರ್*, ವಾಲ್. 121, ನಂ. 3048, ಪಿಪಿ. 501–502, ಮಾರ್. 1928.

ಮೂರರಲ್ಲೂ ವಿಷಯ ಒಂದೇ. ಯಾರು, ಯಾವ ವರ್ಷ, ಏನು, ಎಲ್ಲಿ, ಯಾವ ಪುಟ. ವ್ಯಾಂಕೂವರ್‌ನಲ್ಲಿ ಇನಿಷಿಯಲ್‌ಗೆ ಚುಕ್ಕಿ ಇಲ್ಲ, ಇಸವಿ ಮತ್ತು ಸಂಪುಟದ ನಡುವೆ ಜಾಗವೂ ಇಲ್ಲ. ಎಪಿಎಯಲ್ಲಿ ಇಸವಿ ಮುಂದಕ್ಕೆ ಬಂದಿದೆ, ಏಕೆಂದರೆ ಪಠ್ಯದಲ್ಲಿ ಓದುಗರು ನೋಡಿದ್ದು ಹೆಸರು ಮತ್ತು ಇಸವಿ. ಐಇಇಇಯಲ್ಲಿ ಇನಿಷಿಯಲ್ ಹೆಸರಿಗಿಂತ ಮೊದಲು ಬಂದಿದೆ. ಅಲ್ಲಿ ಪಟ್ಟಿ ಅಕಾರಾದಿಯಲ್ಲಿ ಇರುವುದಿಲ್ಲ, ಹಾಗಾಗಿ ಕೊನೆಯ ಹೆಸರನ್ನು ಮುಂದೆ ತರುವ ಅಗತ್ಯವಿಲ್ಲ. ಹೀಗೆ ಕಾರಣ ಗೊತ್ತಾದರೆ ನಿಯಮ ತಾನಾಗೇ ನೆನಪಿರುತ್ತದೆ.

ಇದೇ ಉದಾಹರಣೆಯಲ್ಲಿ ಇನ್ನೊಂದು ಪಾಠ ಇದೆ. ಅದೇ 1928ರಲ್ಲಿ ನೇಚರ್‌ನ ಅದೇ 121ನೇ ಸಂಪುಟದಲ್ಲಿ ರಾಮನ್ ಒಬ್ಬರೇ ಬರೆದದ್ದು 619ನೇ ಪುಟದಲ್ಲಿದೆ. ಅವರಿಬ್ಬರೂ ಸೇರಿ ಬರೆದ ಮತ್ತೊಂದು 711ನೇ ಪುಟದಲ್ಲಿದೆ. ಬರೀ ‘ರಾಮನ್, 1928, ನೇಚರ್’ ಎಂದರೆ ಯಾವುದು? ಇಂಥ ಕಡೆ ಪುಟ ಸಂಖ್ಯೆ ಒಂದೇ ಕಾಪಾಡುವುದು. ಹೆಸರು–ಇಸವಿ ಪದ್ಧತಿಯಲ್ಲಿ ಇಬ್ಬರೂ ಸೇರಿ ಬರೆದ ಎರಡನ್ನು 1928ಎ, 1928ಬಿ ಎಂದು ಬೇರೆ ಮಾಡುತ್ತಾರೆ. ರಾಮನ್ ಒಬ್ಬರೇ ಬರೆದದ್ದಕ್ಕೆ ಈ ಅಕ್ಷರ ಬೇಡ, ಲೇಖಕರ ಗುಂಪೇ ಬೇರೆ.

ಎಷ್ಟು ಹೆಸರು ಕೊಡಬೇಕು ಎಂಬುದರಲ್ಲಿ ಶೈಲಿಗಳು ತೀರಾ ಬೇರೆ ಬೇರೆ. ವೈದ್ಯಕೀಯ ಜರ್ನಲ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಆರು ಹೆಸರು, ಆಮೇಲೆ ಎಟ್ ಆಲ್. ನೇಚರ್‌ನಲ್ಲಿ ಐವರಿಗಿಂತ ಜಾಸ್ತಿ ಇದ್ದರೆ ಮೊದಲನೆಯವರ ಹೆಸರು ಮಾತ್ರ. ಎಪಿಎಯ ಏಳನೇ ಆವೃತ್ತಿಯಲ್ಲಿ ಪಟ್ಟಿಯಲ್ಲಿ 20 ಜನರವರೆಗೂ ಬರೆಯಬೇಕು. ಆದರೆ ಪಠ್ಯದೊಳಗೆ ಮೂವರು ಅಥವಾ ಹೆಚ್ಚು ಇದ್ದರೆ ಮೊದಲ ಸಲದಿಂದಲೇ ಎಟ್ ಆಲ್.

ಕೈಯಿಂದ ಟೈಪ್ ಮಾಡಬೇಡಿ

ಹತ್ತೇ ರೆಫರೆನ್ಸ್ ಇದ್ದರೂ ಅವನ್ನು ಕೂಡಿಟ್ಟು ಪಟ್ಟಿ ಮಾಡಿಕೊಡುವ ಸಾಫ್ಟ್‌ವೇರ್ ಬಳಸಿ. ನಾನು ಹೇಳಿಕೊಡುವುದು ಝೊಟೆರೊ. ದುಡ್ಡು ಕೊಡಬೇಕಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೆಂಡಲೆ, ಎಂಡ್‌ನೋಟ್ ಕೂಡ ಇದೇ ಕೆಲಸ ಮಾಡುತ್ತವೆ. ನಿಮ್ಮ ಗೈಡ್, ಸಹಲೇಖಕರು ಏನು ಬಳಸುತ್ತಾರೋ ಅದನ್ನೇ ಹಿಡಿದರೆ ತಂಟೆ ಕಡಿಮೆ. ಲೇಟೆಕ್‌ನಲ್ಲಿ ಬರೆಯುವವರಿಗೆ ಬಿಬ್‌ಟೆಕ್ ಇದ್ದೇ ಇದೆ.

ಝೊಟೆರೊ ಹಾಕಿಕೊಂಡ ಮೇಲೆ ಅದರ ಬ್ರೌಸರ್ ಕನೆಕ್ಟರ್ ಕೂಡ ಹಾಕಿಕೊಳ್ಳಿ. ವರ್ಡ್‌ನಲ್ಲಿ ಝೊಟೆರೊ ಎಂಬ ಹೊಸ ಟ್ಯಾಬ್ ಕಾಣಿಸುತ್ತದೆ. ಪೇಪರ್ ಸೇರಿಸಲು ಒಳ್ಳೆಯ ದಾರಿ ಡಿಒಐ. ಮೇಲುಗಡೆ ಮಾಂತ್ರಿಕ ಕೋಲಿನ ಚಿತ್ರ ಇದೆ. ಅದನ್ನು ಒತ್ತಿ ಡಿಒಐ ಅಂಟಿಸಿದರೆ ಹೆಸರು, ಇಸವಿ, ಸಂಪುಟ, ಪುಟ ಎಲ್ಲ ತಾನೇ ತುಂಬಿಕೊಳ್ಳುತ್ತದೆ. ಡಿಒಐ ಯಾವಾಗಲೂ 10 ಎಂಬ ಅಂಕಿಯಿಂದ ಶುರುವಾಗುತ್ತದೆ. ಚುಕ್ಕಿಯ ನಂತರದ ಅಂಕಿ ಅದನ್ನು ನೋಂದಾಯಿಸಿದ ಪ್ರಕಾಶಕರದ್ದು. ನೇಚರ್‌ನಲ್ಲಿ ಬಂದ ಪೇಪರ್‌ಗಳಿಗೆ 10.1038 ಇರುತ್ತದೆ. ಹಳೆಯ ಪೇಪರ್‌ಗಳಿಗೂ ಆಮೇಲೆ ಡಿಒಐ ಕೊಟ್ಟಿದ್ದಾರೆ. 1928ರ ಆ ಪತ್ರಕ್ಕೂ ಇದೆ.

ವರ್ಡ್‌ನಲ್ಲಿ ಬರೆಯುತ್ತಾ ಹೋದಂತೆ ಸೈಟೇಷನ್ (ಪಠ್ಯದೊಳಗಿನ ಉಲ್ಲೇಖ) ಬೇಕಾದ ಕಡೆ ಕರ್ಸರ್ ಇಟ್ಟು ಝೊಟೆರೊ ಟ್ಯಾಬ್‌ನಿಂದ ಸೇರಿಸಿ. ಕೊನೆಯಲ್ಲಿ ಪಟ್ಟಿಯನ್ನೂ ಅದೇ ಹಾಕುತ್ತದೆ. ನಡುವೆ ಹೊಸ ಪ್ಯಾರಾ ಬಂದರೂ ಸಂಖ್ಯೆಗಳು ತಾವೇ ಸರಿಯುತ್ತವೆ. ನನ್ನ ಮೊದಲ ಪೇಪರ್‌ನ ಆ ರಾತ್ರಿ ನಿಮಗೆ ಬರಬಾರದು. ಜರ್ನಲ್ ಬದಲಾದರೆ ಡಾಕ್ಯುಮೆಂಟ್ ಪ್ರಿಫರೆನ್ಸಸ್‌ನಲ್ಲಿ ಶೈಲಿ ಬದಲಿಸಿದರೆ ಸಾಕು. 10,000ಕ್ಕೂ ಹೆಚ್ಚು ಶೈಲಿಗಳು ಅದರ ಸಂಗ್ರಹದಲ್ಲಿವೆ.

ಇಷ್ಟಕ್ಕೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಜಾಸ್ತಿ. ನಿಜವಾದ ಕೆಲಸ ಇಲ್ಲಿಂದ ಶುರು.

ತುಂಬಿಕೊಂಡದ್ದನ್ನು ಶುಚಿ ಮಾಡಿ

ಸಾಫ್ಟ್‌ವೇರ್ ಒಳಗೆ ಬಂದ ಮಾಹಿತಿ ಹೇಗಿದೆಯೋ ಪಟ್ಟಿ ಹಾಗೇ ಇರುತ್ತದೆ. ಗಲೀಜು ಹಾಕಿದರೆ ಗಲೀಜೇ ಬರುತ್ತದೆ. ಹಾಗಾಗಿ ಪಟ್ಟಿಯಲ್ಲಿ ತಪ್ಪು ಕಂಡರೆ ವರ್ಡ್‌ನಲ್ಲಿ ತಿದ್ದಬೇಡಿ, ಅಲ್ಲಿ ತಿದ್ದಿದ್ದು ಮುಂದಿನ ರಿಫ್ರೆಶ್‌ನಲ್ಲಿ ಅಳಿಸಿಹೋಗುತ್ತದೆ. ಝೊಟೆರೊ ಒಳಗೇ ತಿದ್ದಿ.

ನಮ್ಮವರ ಹೆಸರುಗಳಿಂದ ಶುರು ಮಾಡಿ. ಈ ಶೈಲಿಗಳೆಲ್ಲ ಮನೆತನದ ಹೆಸರು ಕೊನೆಗೆ ಬರುವ ಊರುಗಳಲ್ಲಿ ಹುಟ್ಟಿದವು. ನಮ್ಮಲ್ಲಿ ಹಾಗಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಎಂ ಅಂದರೆ ಮೋಕ್ಷಗುಂಡಂ, ಅದು ಊರಿನ ಹೆಸರು. ಇನಿಷಿಯಲ್ ಮುಂದೆ ಇದ್ದರೆ ಕಷ್ಟವಿಲ್ಲ. ಸಿ. ಎನ್. ಆರ್. ರಾವ್ ಅವರದು ರಾವ್ ಸಿಎನ್‌ಆರ್ ಎಂದು ಸರಿಯಾಗೇ ಬರುತ್ತದೆ. ಆದರೆ ನಮ್ಮಲ್ಲಿ ಎಷ್ಟೋ ಜನ ಇನಿಷಿಯಲ್ಲನ್ನು ಹೆಸರಿನ ಹಿಂದೆ ಬರೆಯುತ್ತಾರೆ. ‘ಮಂಜುನಾಥ ಕೆ.’ ಎಂಬಂಥ ಹೆಸರು ಬಂದರೆ ಯಂತ್ರ ಕೊನೆಯ ‘ಕೆ’ಯನ್ನೇ ಮನೆತನದ ಹೆಸರು ಎಂದುಕೊಳ್ಳುತ್ತದೆ. ಪಟ್ಟಿಯಲ್ಲಿ ‘ಕೆ ಎಂ’ ಎಂದು ಬರುತ್ತದೆ. ಮಂಜುನಾಥ ಎಂಬ ಮನುಷ್ಯನೇ ಕಾಣೆ! ಇದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಒಬ್ಬರ ವರ್ಷಗಟ್ಟಲೆ ದುಡಿಮೆಗೆ ಅವರ ಹೆಸರೇ ಸೇರದೆ ಹೋಗುತ್ತದೆ. ಝೊಟೆರೊದಲ್ಲಿ ಹೆಸರಿಗೆ ಎರಡು ಖಾನೆ ಇರುತ್ತದೆ. ಮೊದಲ ಖಾನೆಯಲ್ಲಿ ಮುಖ್ಯ ಹೆಸರು, ಎರಡನೆಯದರಲ್ಲಿ ಇನಿಷಿಯಲ್ ಇದೆಯಾ ನೋಡಿ. ಅನುಮಾನ ಬಂದರೆ ಪೇಪರ್‌ನ ಪಿಡಿಎಫ್ ತೆರೆಯಿರಿ. ಅದೇ ಲೇಖಕರ ಬೇರೆ ಪೇಪರ್‌ಗಳಲ್ಲಿ ಹೇಗಿದೆ ಎಂದೂ ನೋಡಿ.

ನಿಮ್ಮ ಹೆಸರಿನ ಬಗ್ಗೆಯೂ ಈಗಲೇ ತೀರ್ಮಾನ ಮಾಡಿ. ಮೊದಲ ಪೇಪರ್‌ನಲ್ಲಿ ಯಾವ ರೂಪ ಕೊಡುತ್ತೀರೋ ಕೊನೆಯವರೆಗೂ ಅದೇ ಇರಲಿ. ಸಂಶೋಧಕರನ್ನು ಒಬ್ಬೊಬ್ಬರಾಗಿ ಗುರುತಿಸುವ ಆರ್ಕಿಡ್ (ORCID) ಸಂಖ್ಯೆ ಮಾಡಿಸಿಕೊಳ್ಳಿ, ಅದು ಪುಕ್ಕಟೆ. ಒಂದೇ ಹೆಸರಿನ ಹತ್ತು ಜನ ಇದ್ದರೂ ನಿಮ್ಮ ಪೇಪರ್ ನಿಮ್ಮದಾಗೇ ಉಳಿಯುತ್ತದೆ.

ಸಂಸ್ಥೆಯೇ ಲೇಖಕ ಆಗಿದ್ದರೆ ಎರಡು ಖಾನೆ ಬಿಟ್ಟು ಒಂದೇ ಖಾನೆಗೆ ಬದಲಿಸಿ. ಇಲ್ಲದಿದ್ದರೆ ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್ ಎಂಬುದು ‘ಸ್ಟ್ಯಾಂಡರ್ಡ್ಸ್ ಬಿಒಐ’ ಆಗಿಬಿಡುತ್ತದೆ. ಬಿಬ್‌ಟೆಕ್‌ನಲ್ಲಿ ಇದಕ್ಕೆ ಜೋಡಿ ಹೂ-ಆವರಣ ಹಾಕಬೇಕು.

ಆಮೇಲೆ ಶೀರ್ಷಿಕೆ. ಕೆಲವು ಪ್ರಕಾಶಕರು ಪ್ರತಿ ಪದದ ಮೊದಲ ಅಕ್ಷರವನ್ನು ದೊಡ್ಡದಾಗಿ ಕೊಡುತ್ತಾರೆ, ಕೆಲವರು ಇಡೀ ಶೀರ್ಷಿಕೆಯನ್ನೇ ದೊಡ್ಡಕ್ಷರದಲ್ಲಿ ಕೊಡುತ್ತಾರೆ. ಝೊಟೆರೊದಲ್ಲಿ ಎಲ್ಲವನ್ನೂ ಮೊದಲ ಪದ ಮಾತ್ರ ದೊಡ್ಡಕ್ಷರ ಇರುವ ಹಾಗೆ ಇಟ್ಟುಕೊಳ್ಳಿ. ಅಲ್ಲಿಂದ ಎಲ್ಲ ಪದ ದೊಡ್ಡದು ಮಾಡಲು ಯಂತ್ರಕ್ಕೆ ಬರುತ್ತದೆ, ತಿರುಗಿಸಿ ಮಾಡಲು ಬರುವುದಿಲ್ಲ. ಡಿಎನ್‌ಎ, ಊರಿನ ಹೆಸರು, ರಾಸಾಯನಿಕ ಚಿಹ್ನೆಗಳ ಅಕ್ಷರ ಕೆಡದಂತೆ ನೋಡಿಕೊಳ್ಳಿ. ಜೀವಿಗಳ ವೈಜ್ಞಾನಿಕ ಹೆಸರು ಓರೆ ಅಕ್ಷರದಲ್ಲಿ ಇರಬೇಕು. ಡಿಒಐಯಿಂದ ತುಂಬಿಕೊಳ್ಳುವಾಗ ಈ ಓರೆ ಅಕ್ಷರ ಬಹಳ ಸಲ ಕಳೆದುಹೋಗುತ್ತದೆ.

ಜರ್ನಲ್ ಹೆಸರು ಮೊಟಕು ಮಾಡುವುದಕ್ಕೆ ಐಎಸ್‌ಒ 4 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ನಾವೇ ಮನಸ್ಸಿಗೆ ಬಂದಂತೆ ಕತ್ತರಿಸುವಂತಿಲ್ಲ. ಒಂದೇ ಪದದ ಹೆಸರನ್ನು ಕತ್ತರಿಸುವುದೇ ಇಲ್ಲ: ನೇಚರ್, ಸೆಲ್, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರಮಾಣ. ಬೆಂಗಳೂರಿನಿಂದ 1932ರಿಂದ ಬರುತ್ತಿರುವ ಕರೆಂಟ್ ಸೈನ್ಸ್ ಎರಡು ಪದದ್ದು, ಹಾಗಾಗಿ ಎರಡೂ ಮೊಟಕಾಗುತ್ತವೆ. ತುಂಬ ಜನ ಎಡವುವುದು ನ್ಯಾಷನಲ್ ಎಂಬ ಪದದಲ್ಲಿ. ಅದರ ಮೊಟಕು ರೂಪದ ಕೊನೆಯಲ್ಲಿ ಎಲ್ ಅಕ್ಷರ ಇರಲೇಬೇಕು. ಎಲ್ ಇಲ್ಲದ್ದು ನೇಚರ್, ನ್ಯಾಚುರಲ್ ಎಂಬ ಪದಗಳಿಗೆ ಸೇರಿದ್ದು. ಒಂದು ಅಕ್ಷರ ಬಿಟ್ಟರೆ ಬೇರೆ ಜರ್ನಲ್ ಆಗುತ್ತದೆ.

ಪುಟದ ಖಾನೆ ಖಾಲಿ ಇದ್ದರೆ ಗಾಬರಿ ಬೇಡ. ಆನ್‌ಲೈನ್‌ನಲ್ಲಿ ಮಾತ್ರ ಬರುವ ಜರ್ನಲ್‌ಗಳಲ್ಲಿ ಪುಟದ ಬದಲು ಲೇಖನ ಸಂಖ್ಯೆ ಇರುತ್ತದೆ. ಪಿಡಿಎಫ್‌ನಲ್ಲಿ 1ರಿಂದ 14 ಎಂದು ಕಂಡರೆ ಅದನ್ನೇ ಪುಟ ಎಂದು ಬರೆಯಬೇಡಿ. ಲೇಖನ ಸಂಖ್ಯೆ ಬರೆಯಿರಿ.

ವಾಕ್ಯದೊಳಗೆ ಎಲ್ಲಿ ಹಾಕಬೇಕು

ಯಾವ ಮಾತಿಗೆ ಆಧಾರವೋ ಆ ಮಾತಿನ ಪಕ್ಕದಲ್ಲೇ. ಪ್ಯಾರಾದ ಕೊನೆಗೆ ಎಂಟು ಸಂಖ್ಯೆ ಒಟ್ಟಿಗೆ ಸುರಿದರೆ ಯಾವುದಕ್ಕೆ ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ವಾಕ್ಯದಲ್ಲಿ ಎರಡು ಸಂಗತಿ ಇದ್ದರೆ ಎರಡು ಕಡೆ ಹಾಕಿ.

ಸಂಖ್ಯೆ ಪದ್ಧತಿಯಲ್ಲಿ ಮೊದಲು ಬಂದದ್ದಕ್ಕೆ 1. ಮತ್ತೆ ಬಂದಾಗಲೂ ಅದೇ 1. ಸಾಲಾಗಿ ಮೂರು ಬಂದರೆ 3–5. ಚುಕ್ಕಿಗೆ ಮೊದಲೋ ನಂತರವೋ ಎಂಬುದನ್ನು ಜರ್ನಲ್‌ನ ಅಚ್ಚಾದ ಪೇಪರ್ ನೋಡಿ ಮಾಡಿ. ಕೋಷ್ಟಕ, ಚಿತ್ರದ ವಿವರಣೆಯೊಳಗೆ ಮಾತ್ರ ಬರುವ ರೆಫರೆನ್ಸ್‌ಗೆ, ಆ ಕೋಷ್ಟಕದ ಹೆಸರು ಪಠ್ಯದಲ್ಲಿ ಮೊದಲು ಎಲ್ಲಿ ಬರುತ್ತದೋ ಅಲ್ಲಿಯ ಸರದಿ ಕೊಡುವುದು ರೂಢಿ. ಕೋಷ್ಟಕಗಳನ್ನು ಫೈಲಿನ ಕೊನೆಯಲ್ಲಿ ಇಟ್ಟಾಗ ಝೊಟೆರೊ ಈ ಸರದಿ ತಪ್ಪಿಸುತ್ತದೆ. ಇದೊಂದನ್ನು ಕಣ್ಣಿಂದಲೇ ನೋಡಬೇಕು.

ಹೆಸರು–ಇಸವಿ ಪದ್ಧತಿಯಲ್ಲಿ ಹೆಸರು ನಿಮ್ಮ ವಾಕ್ಯದ ಭಾಗವಾಗಿದ್ದರೆ ಇಸವಿ ಮಾತ್ರ ಆವರಣದೊಳಗೆ: ‘ರಾಮನ್ ಮತ್ತು ಕೃಷ್ಣನ್ (1928) ತೋರಿಸಿದರು’. ಇಲ್ಲದಿದ್ದರೆ ಎರಡೂ ಒಳಗೆ. ಎಪಿಎಯಲ್ಲಿ ಆವರಣದ ಒಳಗೆ & ಚಿಹ್ನೆ, ಹೊರಗೆ ಪೂರ್ತಿ ಪದ.

ಜರ್ನಲ್ ಅಲ್ಲದ ಆಕರಗಳು

ನನ್ನ ವಿದ್ಯಾರ್ಥಿಗಳು ಹೆಚ್ಚಾಗಿ ನೀರಿನ ಗುಣಮಟ್ಟದ ಮೇಲೆ ಕೆಲಸ ಮಾಡುವವರು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಇಲ್ಲದ ಪೇಪರ್ ಇಲ್ಲ. ಅದರ ಇಸವಿಯನ್ನು ಬಿಟ್ಟುಬಿಡುತ್ತಾರೆ. 1991ರ ಆವೃತ್ತಿಯಲ್ಲಿ ಸೀಸಕ್ಕೆ ಲೀಟರಿಗೆ 0.05 ಮಿಲಿಗ್ರಾಂ ಮಿತಿ ಇತ್ತು. 2012ರಲ್ಲಿ ಅದು 0.01 ಆಯಿತು. ಒಂದೇ ಕೊಳವೆಬಾವಿಯ ನೀರು ಒಂದು ಆವೃತ್ತಿಯಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್. ಮಾನದಂಡ ಉಲ್ಲೇಖಿಸುವಾಗ ಸಂಖ್ಯೆ, ಇಸವಿ, ಆವೃತ್ತಿ ಮೂರೂ ಇರಲಿ. ಹಳೆಯ ಪೇಪರ್‌ನಿಂದ ಅಂಕಿ ತೆಗೆದುಕೊಂಡು ಹೊಸ ಇಸವಿ ಹಾಕಬೇಡಿ.

ಪಿಎಚ್‌ಡಿ ಪ್ರಬಂಧಕ್ಕೆ ಶೀರ್ಷಿಕೆ, ವಿಶ್ವವಿದ್ಯಾಲಯ, ವರ್ಷ ಬೇಕು. ಭಾರತದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾದಲ್ಲಿ ಇದ್ದರೆ ಅಲ್ಲಿಯ ಶಾಶ್ವತ ಲಿಂಕ್ ಕೊಡಿ, ಬ್ರೌಸರ್ ಮೇಲ್ಗಡೆ ಕಾಣುವ ಉದ್ದನೆಯ ವಿಳಾಸ ಬೇಡ.

ಪ್ರೀಪ್ರಿಂಟ್ (ವಿಮರ್ಶೆಗೆ ಮೊದಲೇ ಆನ್‌ಲೈನ್‌ನಲ್ಲಿ ಹಾಕಿದ ಪೇಪರ್) ಆದರೆ ಅದು ಆಮೇಲೆ ಜರ್ನಲ್‌ನಲ್ಲಿ ಬಂದಿದೆಯಾ ನೋಡಿ. ಬಂದಿದ್ದರೆ ಜರ್ನಲ್‌ನದ್ದನ್ನು ಓದಿ ಅದನ್ನೇ ಕೊಡಿ. ಅಂಕಿ ಬದಲಾಗಿರಬಹುದು. ಬಂದಿಲ್ಲದಿದ್ದರೆ ಪ್ರೀಪ್ರಿಂಟ್ ಎಂದು ಸ್ಪಷ್ಟವಾಗಿ ಬರೆಯಿರಿ. ವೆಬ್ ಪುಟಕ್ಕೆ ನೀವು ನೋಡಿದ ದಿನಾಂಕ ಇರಲಿ.

ಕನ್ನಡದ ಆಕರ ಕೊಡಬಹುದಾ ಎಂದು ಕೇಳುತ್ತಾರೆ. ಖಂಡಿತ ಕೊಡಬಹುದು. ಕೆರೆ, ತಳಿ, ಮಣ್ಣಿನ ಬಗ್ಗೆ ಎಷ್ಟೋ ಸಂಗತಿ ಕನ್ನಡದಲ್ಲಿ ಮಾತ್ರ ಇದೆ. ಎಪಿಎಯಲ್ಲಿ ಶೀರ್ಷಿಕೆಯನ್ನು ಉಚ್ಚಾರಣೆಯಂತೆ ಇಂಗ್ಲಿಷ್ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಚೌಕ ಆವರಣದೊಳಗೆ ಅದರ ಅರ್ಥ ಕೊಡಬೇಕು. ವ್ಯಾಂಕೂವರ್‌ನಲ್ಲಿ ಅರ್ಥ ಕೊಟ್ಟು ಕೊನೆಗೆ ಭಾಷೆ ಕನ್ನಡ ಎಂದು ಹಾಕಬೇಕು. ನಮ್ಮ ಭಾಷೆಯ ಪುಸ್ತಕ ಅಂತರರಾಷ್ಟ್ರೀಯ ಜರ್ನಲ್‌ನ ಪಟ್ಟಿಯಲ್ಲಿ ಇರುವುದನ್ನು ನೋಡಿದರೆ ನನಗಂತೂ ಹೆಮ್ಮೆ.

ಒಂದೊಂದನ್ನೂ ತೆರೆದು ನೋಡಿ

ಇದಕ್ಕೆ ಒಂದು ಇಡೀ ದಿನ ಇಟ್ಟುಕೊಳ್ಳಿ. ಪಟ್ಟಿಯನ್ನು ಪ್ರಿಂಟ್ ತೆಗೆಯಿರಿ. ಪೆನ್ಸಿಲ್ ಹಿಡಿದು ಒಂದರಿಂದ ಶುರು ಮಾಡಿ. ಡಿಒಐ ಒತ್ತಿ. ಪುಟ ತೆರೆಯಿತಾ? ಶೀರ್ಷಿಕೆ ಅದೇನಾ? ನೀವು ಹೇಳಿದ ಮಾತು ಅದರಲ್ಲಿ ಇದೆಯಾ? ಮೂರಕ್ಕೂ ಹೌದು ಬಂದರೆ ಒಂದು ಗೀಟು ಎಳೆಯಿರಿ.

ಹೋದ ವರ್ಷ ಒಬ್ಬ ವಿದ್ಯಾರ್ಥಿನಿಯ ಜೊತೆ ಹೀಗೆ ಕೂತಿದ್ದೆ. 70ರ ದಶಕದ ಒಂದು ಪೇಪರ್ ಎಷ್ಟು ಹುಡುಕಿದರೂ ಸಿಗಲಿಲ್ಲ.

“ಸರ್, ಇದು ನಾನು ಓದಿಲ್ಲ. ಇನ್ನೊಂದು ಪೇಪರ್‌ನ ಪಟ್ಟಿಯಿಂದ ತಗೊಂಡೆ,” ಅಂದಳು.

“ಪರವಾಗಿಲ್ಲಮ್ಮ, ಈಗ ಹುಡುಕೋಣ.”

ಜರ್ನಲ್‌ನ ಹಳೆಯ ಸಂಪುಟಗಳನ್ನು ಒಂದೊಂದೇ ತೆರೆದೆವು. ಪಟ್ಟಿಯಲ್ಲಿ ಸಂಪುಟ 16 ಎಂದಿತ್ತು, ಪೇಪರ್ ಇದ್ದದ್ದು 61ರಲ್ಲಿ. ಅಂಕಿ ತಿರುಗಿಬಿದ್ದಿತ್ತು. ಇವಳು ಯಾವ ಪೇಪರ್‌ನಿಂದ ತೆಗೆದುಕೊಂಡಳೋ ಅದರಲ್ಲೂ 16, ಅದಕ್ಕಿಂತ ಹಿಂದಿನದರಲ್ಲೂ 16. ಮೂಲ ಓದಿದ ಮೇಲೆ ಇನ್ನೊಂದು ತಿಳಿಯಿತು. ಇವಳು ಹೇಳಿದ್ದ ಮಾತು ಅದರಲ್ಲಿ ಇತ್ತು, ಆದರೆ ಅದು ಮರಳು ಮಣ್ಣಿಗೆ ಮಾತ್ರ. ವಾಕ್ಯವನ್ನೇ ತಿದ್ದಿದೆವು.

ಹೀಗೆ ತಪ್ಪು ಕೈಯಿಂದ ಕೈಗೆ ದಾಟುವುದನ್ನೇ ಹಿಡಿದು ಸಿಮ್ಕಿನ್ ಮತ್ತು ರಾಯ್‌ಚೌಧರಿ ಎಂಬ ಇಬ್ಬರು ಸಂಶೋಧಕರು 2003ರಲ್ಲಿ ಒಂದು ಲೆಕ್ಕ ಹಾಕಿದರು. ಒಂದೇ ಅಚ್ಚಿನ ತಪ್ಪು ಎಷ್ಟು ಪಟ್ಟಿಗಳಲ್ಲಿ ಮರುಕಳಿಸಿದೆ ಎಂದು ನೋಡಿ, ಉಲ್ಲೇಖಿಸುವವರಲ್ಲಿ ಸುಮಾರು 20 ಶೇಕಡಾ ಮಂದಿ ಮಾತ್ರ ಮೂಲ ಓದುತ್ತಾರೆ ಎಂದು ಅಂದಾಜು ಮಾಡಿದರು.

ಇನ್ನೂ ವಿಚಿತ್ರದ್ದು ಒಂದಿದೆ. ಜರ್ನಲ್‌ಗಳ ದೊಡ್ಡ ಪ್ರಕಾಶಕ ಎಲ್ಸೆವಿಯರ್ ಲೇಖಕರಿಗೆ ಕೊಡುತ್ತಿದ್ದ ಸೂಚನೆಯಲ್ಲಿ ಮಾದರಿಗೆಂದು ಒಂದು ರೆಫರೆನ್ಸ್ ಇತ್ತು. ವಾನ್ ಡೆರ್ ಗೀರ್ ಮತ್ತಿಬ್ಬರದು, ವಿಜ್ಞಾನ ಲೇಖನ ಬರೆಯುವ ಕಲೆಯ ಬಗ್ಗೆ, 2000ನೇ ಇಸವಿ. ಅಂಥ ಪೇಪರ್ ಇಲ್ಲವೇ ಇಲ್ಲ, ಆ ಜರ್ನಲ್ ಕೂಡ ಇಲ್ಲ. ಆದರೂ ಸುಮಾರು 400 ಪೇಪರ್‌ಗಳು ಅದನ್ನು ಉಲ್ಲೇಖಿಸಿದ್ದವು. 2017ರಲ್ಲಿ ಆ್ಯನ್-ವಿಲ್ ಹಾರ್ಜಿಂಗ್ ಎಂಬ ಸಂಶೋಧಕಿ ಇದರ ಬಗ್ಗೆ ಬರೆದರು. ಮಾದರಿ ಫೈಲಿನಲ್ಲಿ ಬರೆಯುತ್ತಾ ಹೋದ ಹೆಚ್ಚಿನವರು ಮಾದರಿಯ ಸಾಲನ್ನು ಅಳಿಸಲು ಮರೆತಿದ್ದರು. ನೀವೂ ಜರ್ನಲ್‌ನ ಟೆಂಪ್ಲೇಟ್‌ನಲ್ಲಿ ಬರೆದಿದ್ದರೆ ಒಮ್ಮೆ ಹುಡುಕಿ ನೋಡಿ.

ಚಾಟ್‌ಜಿಪಿಟಿಯಂಥವು ಕೊಡುವ ರೆಫರೆನ್ಸ್‌ಗಳಿಗೂ ಇದೇ ಪರೀಕ್ಷೆ. ಹೆಸರು, ಜರ್ನಲ್, ಸಂಪುಟ ಎಲ್ಲ ನಿಜದ ಥರವೇ ಕಾಣುತ್ತದೆ, ಆದರೆ ಅಂಥ ಪೇಪರ್ ಇರದೆಯೂ ಇರಬಹುದು. ತೆರೆದು ಓದದ ಒಂದನ್ನೂ ಪಟ್ಟಿಗೆ ಸೇರಿಸಬೇಡಿ.

ಪತ್ರವನ್ನು ಅಧ್ಯಯನ ಎನ್ನಬೇಡಿ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಐದು ವಾಕ್ಯದ ಒಂದು ಪತ್ರ ಬಂದಿತ್ತು. ಆಸ್ಪತ್ರೆಯಲ್ಲಿ ಅಫೀಮು ಜಾತಿಯ ನೋವುನಿವಾರಕ ಪಡೆದವರಲ್ಲಿ ಚಟ ಅಪರೂಪ ಎಂಬುದು ಅದರ ಸಾರ. 2017ರಲ್ಲಿ ಎಣಿಸಿದಾಗ ಅದು 608 ಕಡೆ ಉಲ್ಲೇಖವಾಗಿತ್ತು. ಅದರಲ್ಲಿ 439 ಕಡೆ ಚಟ ಹತ್ತುವುದು ಅಪರೂಪ ಎಂಬುದಕ್ಕೆ ಅದನ್ನೇ ಸಾಕ್ಷಿ ಮಾಡಿಕೊಂಡಿದ್ದರು. ಹೆಚ್ಚಿನವರು ಅದು ಆಸ್ಪತ್ರೆಯ ರೋಗಿಗಳ ಮಾತು ಎಂಬುದನ್ನೇ ಹೇಳಿರಲಿಲ್ಲ.

ಕೊನೆಗೆ, ಅಚ್ಚಾದ ಮೇಲೆ ಜರ್ನಲ್ ಹಿಂತೆಗೆದ ಪೇಪರ್ ಇದೆಯಾ ನೋಡಿ. ಅಂಥವುಗಳ ಲೆಕ್ಕ ಇಡುವ ರಿಟ್ರ್ಯಾಕ್ಷನ್ ವಾಚ್‌ನ ದತ್ತಾಂಶ 2023ರಿಂದ, ಡಿಒಐ ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್ ಮೂಲಕ ಎಲ್ಲರಿಗೂ ಮುಕ್ತವಾಗಿದೆ. ಝೊಟೆರೊ ಅಂಥದ್ದನ್ನು ಕಂಡರೆ ಕೆಂಪು ಎಚ್ಚರಿಕೆ ತೋರಿಸುತ್ತದೆ, ಅದನ್ನು ಕಡೆಗಣಿಸಬೇಡಿ.

ಕಳಿಸುವ ದಿನ

ಫೈಲಿನ ಎರಡು ಪ್ರತಿ ಮಾಡಿ. ಒಂದರಲ್ಲಿ ಝೊಟೆರೊದ ಕೊಂಡಿಗಳು ಹಾಗೇ ಇರಲಿ. ಪರಿಷ್ಕರಣೆ ಬಂದಾಗ ಅದೇ ಬೇಕು. ಇನ್ನೊಂದರಲ್ಲಿ ಅನ್‌ಲಿಂಕ್ ಮಾಡಿ (ಕೊಂಡಿ ಕಳಚಿ), ಜರ್ನಲ್‌ಗೆ ಅದನ್ನು ಕಳಿಸಿ. ಸಹಲೇಖಕರು ಗೂಗಲ್ ಡಾಕ್ಸ್‌ನಲ್ಲಿ ತೆರೆದು ತಿದ್ದುತ್ತೇವೆ ಎಂದರೆ ಮೊದಲೇ ಎಚ್ಚರಿಸಿ, ವರ್ಡ್‌ನ ಕೊಂಡಿಗಳು ಅಲ್ಲಿ ಕಡಿದುಹೋಗುತ್ತವೆ. ಪೇಪರನ್ನು ಅಲ್ಲಿಗೆ ದಾಟಿಸಲೇಬೇಕಿದ್ದರೆ ಡಾಕ್ಯುಮೆಂಟ್ ಪ್ರಿಫರೆನ್ಸಸ್‌ನಲ್ಲೇ ಅದಕ್ಕೆ ಒಂದು ಗುಂಡಿ ಇದೆ.

ಪಟ್ಟಿಯಲ್ಲಿರುವುದೆಲ್ಲ ಪಠ್ಯದಲ್ಲಿ ಇದೆಯಾ, ಪಠ್ಯದಲ್ಲಿರುವುದೆಲ್ಲ ಪಟ್ಟಿಯಲ್ಲಿ ಇದೆಯಾ ಎಂದು ಒಮ್ಮೆ ಹೊಂದಿಸಿ ನೋಡಿ. ಒಂದೇ ಪೇಪರ್ ಎರಡು ಸಲ ಸೇರಿಕೊಂಡಿರುವುದು ಇಲ್ಲೇ ಸಿಕ್ಕಿಬೀಳುತ್ತದೆ. ಜರ್ನಲ್‌ನ ವ್ಯವಸ್ಥೆ ಪಿಡಿಎಫ್ ಮಾಡಿಕೊಟ್ಟ ಮೇಲೆ ಒಪ್ಪಿಗೆಯ ಗುಂಡಿ ಒತ್ತುವ ಮುಂಚೆ ರೆಫರೆನ್ಸ್ ಪುಟ ತೆರೆಯಿರಿ. ಓರೆ ಅಕ್ಷರ, ಮೇಲ್ಬರಹ, ಮೈಕ್ರೋ ಚಿಹ್ನೆ ಕೆಟ್ಟಿರುವುದು ಅಲ್ಲಿ ಗೊತ್ತಾಗುತ್ತದೆ.

ಪೇಪರ್ ಸ್ವೀಕೃತವಾದ ಮೇಲೆ ಪ್ರೂಫ್ (ಅಚ್ಚಿಗೆ ಮುಂಚೆ ತಿದ್ದಲು ಕೊಡುವ ಕರಡು) ಬರುತ್ತದೆ, ಉತ್ತರಕ್ಕೆ ಎರಡು ಮೂರು ದಿನ ಮಾತ್ರ ಕೊಡುತ್ತಾರೆ. ಅಂಚಿನಲ್ಲಿ ಪ್ರಶ್ನೆಗಳಿರುತ್ತವೆ: 23ನೆಯದು ಪಠ್ಯದಲ್ಲಿ ಕಾಣುತ್ತಿಲ್ಲ, 31ರ ಸಂಪುಟ ಸಂಖ್ಯೆ ಕೊಡಿ, ಹೀಗೆ. ಪೆನ್ಸಿಲ್ ಗೀಟು ಎಳೆದ ಆ ಪ್ರಿಂಟನ್ನು ಅಲ್ಲಿಯವರೆಗೆ ಎಸೆಯದೆ ಫೈಲಿನಲ್ಲಿ ಇಟ್ಟುಕೊಂಡಿರಿ. ಪಕ್ಕದಲ್ಲಿ ಇಟ್ಟುಕೊಂಡು ಉತ್ತರ ಬರೆಯಲು ಕೂತರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.